ನೋಡುತ್ತ ನಿಂತವರ ಚರಿತ್ರೆ

ಹಗಲು ಹೊತ್ತಿನಲ್ಲಿ ಗೂಬೆಯೊಂದು ದಾರಿ ತಪ್ಪಿ ಬಯಲಿನ ಮರದ ಮೇಲೆ ಕೂತರೆ ಏನಾಗುತ್ತದೆ ಎಂದು ಊರಲ್ಲಿ ಬೆಳೆದವರಿಗೆಲ್ಲ ಗೊತ್ತು. ಮೊದಲು ಒಂದು ಕಾಗೆ ಕೂಗುತ್ತದೆ. ಅದರ ಕೂಗಿಗೆ ಇನ್ನೆರಡು ಬರುತ್ತವೆ. ನೋಡನೋಡುತ್ತಿದ್ದಂತೆ ಇಪ್ಪತ್ತು ಕಾಗೆ ಸೇರಿ, ಒಂದಾದ ಮೇಲೆ ಒಂದು ಎರಗುತ್ತ, ಗೂಬೆ ಅಲ್ಲಿಂದ ಹಾರಿಹೋಗುವ ತನಕ ಬಿಡುವುದಿಲ್ಲ. ಪ್ರಾಣಿಗಳ ವರ್ತನೆಯನ್ನು ಅಧ್ಯಯನ ಮಾಡುವವರು ಇದನ್ನು 'ಮಾಬಿಂಗ್' ಎನ್ನುತ್ತಾರೆ. ಆಸ್ಟ್ರಿಯಾದ ವಿಜ್ಞಾನಿ ಕೊನ್ರಾಡ್ ಲೊರೆನ್ಸ್ 1963ರಲ್ಲಿ ಆಕ್ರಮಣಶೀಲತೆಯ ಮೇಲೆ ಬರೆದ ಪುಸ್ತಕದಲ್ಲಿ ಈ ಗುಂಪುದಾಳಿಯ ವಿಚಾರ ಬರುತ್ತದೆ. ಆ ಪುಸ್ತಕ ಸ್ವೀಡಿಷ್ ಭಾಷೆಗೆ ಅನುವಾದವಾದಾಗ ಪದವೂ ಜೊತೆಗೇ ಅಲ್ಲಿಗೆ ಹೋಯಿತು.

1969ರಲ್ಲಿ ಸ್ವೀಡನ್ನಿನ ವೈದ್ಯ ಪೀಟರ್-ಪಾಲ್ ಹೈನೆಮನ್ ಆ ಪದವನ್ನು ಹಕ್ಕಿಗಳಿಂದ ತೆಗೆದು ಶಾಲೆಯ ಅಂಗಳಕ್ಕೆ ತಂದರು. ಹೈನೆಮನ್ ಜರ್ಮನಿಯಲ್ಲಿ ಹುಟ್ಟಿದ ಯಹೂದಿ. ಮಗುವಾಗಿದ್ದಾಗಲೇ ನಿರಾಶ್ರಿತರಾಗಿ ಸ್ವೀಡನ್ನಿಗೆ ಬಂದವರು. ಅವರಿಗೆ ಕಪ್ಪು ಮೈಬಣ್ಣದ ಒಬ್ಬ ದತ್ತುಮಗನಿದ್ದ. ಮಕ್ಕಳ ಗುಂಪೊಂದು ಒಬ್ಬನನ್ನೇ ಆರಿಸಿಕೊಂಡು ಮೇಲೆ ಬೀಳುವುದನ್ನು ಕಂಡು ಅವರು ಒಂದು ಲೇಖನ ಬರೆದರು. ಅದರ ಶೀರ್ಷಿಕೆ 'ಅಪಾರ್ಥೈಡ್'. ಮೂರು ವರ್ಷದ ನಂತರ, 1972ರಲ್ಲಿ, ಮಕ್ಕಳ ಮತ್ತು ದೊಡ್ಡವರ ಗುಂಪುಹಿಂಸೆಯ ಬಗ್ಗೆ ಪುಸ್ತಕವೂ ಬಂತು. 'ಮೊಬ್ಬಿಂಗ್' ಎಂಬುದು ಸ್ಕ್ಯಾಂಡಿನೇವಿಯಾದ ಮನೆಮಾತಾಯಿತು. ಕಾಗೆಗಳಿಗೆ ಗೂಬೆಯ ಮೇಲೆ ಹಳೆಯ ಭಯವೊಂದಿದೆ, ರಾತ್ರಿಯಾದರೆ ಅದು ತಿನ್ನಲು ಬರುವ ಹಕ್ಕಿ. ಶಾಲೆಯ ಅಂಗಳದಲ್ಲಿ ಆ ಕಾರಣವೂ ಇಲ್ಲ.

ಹೆಸರಿಟ್ಟದ್ದರಿಂದ ಏನಾಯಿತು ಎಂದು ಕೇಳಬಹುದು. ಕನ್ನಡದಲ್ಲೂ ಇದಕ್ಕೆ ಪದಗಳಿಗೇನು ಬರವಿಲ್ಲ: ಕೀಟಲೆ, ಚೇಷ್ಟೆ, ರೇಗಿಸುವುದು, ಕಾಡಿಸುವುದು, ಗೋಳು ಹೊಯ್ದುಕೊಳ್ಳುವುದು. ಇವುಗಳಲ್ಲಿ ಕೊನೆಯದೊಂದನ್ನು ಬಿಟ್ಟರೆ ಉಳಿದೆಲ್ಲ ಪದಗಳನ್ನು ನಗುನಗುತ್ತಲೇ ಹೇಳಬಹುದು. 'ಹುಡುಗರು ಅಂದಮೇಲೆ ಇದೆಲ್ಲ ಇದ್ದದ್ದೇ' ಎಂಬ ಮಾತು ಅವುಗಳ ಬೆನ್ನಿಗೇ ಬರುತ್ತದೆ. ನಗುತ್ತ ಹೇಳಲಾಗದ ಪದವೊಂದು ಸಿಕ್ಕಮೇಲೆ ಆ ಸಮಾಜ ಅದನ್ನು ಎಣಿಸಲು ಶುರುಮಾಡಿತು. ಎಣಿಸತೊಡಗಿದ ಮೇಲೆ ತಡೆಯುವ ಪ್ರಶ್ನೆ ಎದ್ದಿತು. ಹದಿಹರೆಯದವರ ನಡುವಿನ ಹಿಂಸೆಯನ್ನು ತಡೆಯಲು ಇಂದು ಜಗತ್ತಿನಲ್ಲಿರುವ ಹತ್ತಾರು ಕಾರ್ಯಕ್ರಮಗಳ ವಂಶವೃಕ್ಷದಲ್ಲಿ ಹಲವು ಬೇರುಗಳು ಅಲ್ಲಿಗೇ ಹೋಗಿ ಸೇರುತ್ತವೆ. ಆ ಐವತ್ತೈದು ವರ್ಷದ ಕಥೆಯಲ್ಲಿ ಮತ್ತೆ ಮತ್ತೆ ಎದುರಾಗುವ ಒಂದು ಪ್ರಶ್ನೆಯನ್ನು ಹಿಂಬಾಲಿಸುವುದು ಈ ಬರಹದ ಉದ್ದೇಶ. ಹೊಡೆಯುವವನು ಯಾರು, ಹೊಡೆಸಿಕೊಳ್ಳುವವನು ಯಾರು ಎಂಬುದಲ್ಲ ಆ ಪ್ರಶ್ನೆ. ನೋಡುತ್ತ ನಿಂತವರು ಯಾರು ಎಂಬುದು.

ಮೂವರು ಹುಡುಗರು, ಒಂದು ದೇಶ

ಹೈನೆಮನ್ನರ ಮಾತನ್ನು ಎಲ್ಲರೂ ಒಪ್ಪಲಿಲ್ಲ. ಒಪ್ಪದವರಲ್ಲಿ ಮುಖ್ಯರಾದವರು ಡಾನ್ ಓಲ್ವೇಯುಸ್. ಅವರೂ ಸ್ವೀಡನ್ನಿನವರೇ, ನಂತರ ನಾರ್ವೆಯ ಬರ್ಗೆನ್ ವಿಶ್ವವಿದ್ಯಾಲಯದಲ್ಲಿ ನೆಲೆಸಿದ ಮನಶ್ಶಾಸ್ತ್ರಜ್ಞ. ಶಾಲಾ ಹುಡುಗರ ಮೇಲೆ ಅವರು ನಡೆಸಿದ ಅಧ್ಯಯನ 1973ರಲ್ಲಿ ಸ್ವೀಡಿಷ್ ಭಾಷೆಯಲ್ಲಿ, 1978ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕವಾಗಿ ಬಂತು. ಗುಂಪು ಹಠಾತ್ತನೆ ಸಿಟ್ಟಿಗೆದ್ದು ಒಬ್ಬನ ಮೇಲೆ ಬೀಳುತ್ತದೆ ಎಂಬ ಚಿತ್ರ ಸರಿಯಲ್ಲ ಎಂಬುದು ಅವರ ವಾದ. ಹೆಚ್ಚಿನ ಪ್ರಕರಣಗಳಲ್ಲಿ ಕಾಟ ಕೊಡುವವರು ಒಬ್ಬರೋ ಇಬ್ಬರೋ ಮೂವರೋ. ಅದೇ ಹುಡುಗರು, ಅದೇ ಬಲಿಪಶುವಿಗೆ, ತಿಂಗಳುಗಟ್ಟಲೆ ಕಾಟ ಕೊಡುತ್ತಾರೆ. ಗುಂಪಿನ ಆವೇಶ ಎಂದುಬಿಟ್ಟರೆ ಈ ಒಬ್ಬಿಬ್ಬರ ಹೊಣೆ ತೇಲಿಹೋಗುತ್ತದೆ.

ಇಂದಿಗೂ ಬಳಕೆಯಲ್ಲಿರುವ ವ್ಯಾಖ್ಯೆ ಕೊಟ್ಟವರು ಅವರೇ. ಬುಲ್ಲಿಯಿಂಗ್ ಎನ್ನಲು ಮೂರು ಲಕ್ಷಣ ಬೇಕು: ನೋಯಿಸುವ ಉದ್ದೇಶ ಇರಬೇಕು, ಅದು ಪದೇಪದೇ ನಡೆಯಬೇಕು, ಇಬ್ಬರ ನಡುವೆ ಬಲದ ಅಂತರ ಇರಬೇಕು. ಸರಿಸಮಾನರಾದ ಇಬ್ಬರು ಮೈದಾನದಲ್ಲಿ ಬಡಿದಾಡಿಕೊಂಡರೆ ಅದು ಜಗಳ. ತಿರುಗಿ ನಿಲ್ಲಲಾರದವನನ್ನು ದಿನವೂ ಹುಡುಕಿಕೊಂಡು ಹೋದರೆ ಅದು ಬೇರೆ. ಮೂರನೆಯ ಲಕ್ಷಣದ ಮೇಲೆ ಬೆರಳಿಟ್ಟುಕೊಂಡಿರಿ, ಭಾರತಕ್ಕೆ ಬಂದಾಗ ಅದು ಬೇಕಾಗುತ್ತದೆ.

ಸುಮಾರು ಹತ್ತು ವರ್ಷ ಇದು ಪುಸ್ತಕದ ಮಾತಾಗಿಯೇ ಉಳಿಯಿತು. 1982ರ ಕೊನೆಯಲ್ಲಿ ನಾರ್ವೆಯ ಪತ್ರಿಕೆಯೊಂದರಲ್ಲಿ ಸುದ್ದಿ ಬಂತು: ದೇಶದ ಉತ್ತರ ಭಾಗದಲ್ಲಿ 10ರಿಂದ 14 ವಯಸ್ಸಿನ ಮೂವರು ಹುಡುಗರು ಆತ್ಮಹತ್ಯೆ ಮಾಡಿಕೊಂಡಿದ್ದರು, ಸಹಪಾಠಿಗಳ ಕ್ರೂರ ಕಾಟವೇ ಅದಕ್ಕೆ ಬಹುಮಟ್ಟಿನ ಕಾರಣವಾಗಿತ್ತು. ಇಡೀ ದೇಶ ತಲ್ಲಣಿಸಿತು. ಮರುವರ್ಷ, 1983ರ ಶರತ್ಕಾಲದಲ್ಲಿ, ಶಿಕ್ಷಣ ಸಚಿವಾಲಯ ದೇಶವ್ಯಾಪಿ ಅಭಿಯಾನ ಶುರುಮಾಡಿತು. ಮಕ್ಕಳ ನಡುವಿನ ಕಾಟವನ್ನು ಒಂದು ಸರ್ಕಾರ ಇಡೀ ದೇಶದ ಸಮಸ್ಯೆಯೆಂದು ಕೈಗೆತ್ತಿಕೊಂಡದ್ದಕ್ಕೆ ಅಲ್ಲಿಯವರೆಗೆ ದೊಡ್ಡ ಉದಾಹರಣೆಗಳಿರಲಿಲ್ಲ.

ಮೊದಲು ಎಣಿಕೆ ನಡೆಯಿತು. ಸುಮಾರು 1,30,000 ಮಕ್ಕಳು ಹೆಸರು ಬರೆಯದೆ ಪ್ರಶ್ನಾವಳಿ ತುಂಬಿಕೊಟ್ಟರು. ನಾರ್ವೆಯ ಶಾಲಾ ಮಕ್ಕಳಲ್ಲಿ ಶೇಕಡಾ 15ರಷ್ಟು, ಎಂದರೆ ಏಳರಲ್ಲಿ ಒಬ್ಬರು, ಕಾಟ ಕೊಡುವವರಾಗಿಯೋ ಅನುಭವಿಸುವವರಾಗಿಯೋ ಇದರೊಳಗೆ ಸಿಕ್ಕಿಕೊಂಡಿದ್ದರು. ಶಾಲೆಗಳಿಗೆ ಕಳಿಸಿದ ಸಾಮಗ್ರಿ ಇಂದಿನ ಲೆಕ್ಕದಲ್ಲಿ ಬಡಕಲು ಅನಿಸಬಹುದು. ಶಿಕ್ಷಕರಿಗೆ 32 ಪುಟದ ಒಂದು ಪುಸ್ತಿಕೆ. ಶಾಲೆಗೆ ಹೋಗುವ ಮಕ್ಕಳಿರುವ ಪ್ರತಿ ಮನೆಗೆ 4 ಪುಟದ ಒಂದು ಮಡಿಕೆಪತ್ರ. ಕಾಟ ಅನುಭವಿಸಿದ ಇಬ್ಬರು ಮಕ್ಕಳ ದಿನಚರಿ ತೋರಿಸುವ 25 ನಿಮಿಷದ ವಿಡಿಯೋ ಕ್ಯಾಸೆಟ್. ಜೊತೆಗೆ ಆ ಪ್ರಶ್ನಾವಳಿ.

ಅದರೊಳಗಿನ ಸಲಹೆಗಳು ಸರಳ. ಆಟದ ಬಿಡುವಿನಲ್ಲಿ ದೊಡ್ಡವರು ಅಂಗಳದಲ್ಲಿರಬೇಕು, ಸ್ಟಾಫ್ ರೂಮಿನ ಕಾಫಿಯ ಮುಂದಲ್ಲ. ಪ್ರತಿ ತರಗತಿ ತನ್ನದೇ ನಿಯಮ ಮಾಡಿಕೊಳ್ಳಬೇಕು: ನಾವು ಕಾಟ ಕೊಡುವುದಿಲ್ಲ, ಕಾಟಕ್ಕೆ ಒಳಗಾದವರಿಗೆ ನೆರವಾಗುತ್ತೇವೆ, ಒಂಟಿಯಾದವರನ್ನು ಜೊತೆಗೆ ಸೇರಿಸಿಕೊಳ್ಳುತ್ತೇವೆ. ವಾರಕ್ಕೊಮ್ಮೆ ತರಗತಿಯ ಸಭೆ ಆಗಬೇಕು. ಕಾಟ ಕೊಟ್ಟವನ ಜೊತೆಗೂ ಅನುಭವಿಸಿದವನ ಜೊತೆಗೂ ಅವರ ಹೆತ್ತವರ ಜೊತೆಗೂ ನೇರವಾಗಿ, ಗಂಭೀರವಾಗಿ ಮಾತಾಡಬೇಕು. ಬೆತ್ತದ ಮಾತೇ ಇದರಲ್ಲಿಲ್ಲ, ಉಪದೇಶವೂ ಕಡಿಮೆ. ಶಾಲೆಯ ದಿನದ ಯಾವ ಗಳಿಗೆಯಲ್ಲಿ ದೊಡ್ಡವರು ಎಲ್ಲಿರುತ್ತಾರೆ ಎಂಬ ಲೆಕ್ಕವೇ ಹೆಚ್ಚು.

ಒಂದೇ ಪೆಟ್ಟಿಗೆ, ಎರಡು ಫಲಿತಾಂಶ

ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಭಾಗ ಇದು. ಅಭಿಯಾನದ ಚರಿತ್ರೆಯನ್ನು ಚಿಕ್ಕದಾಗಿ ಹೇಳುವವರು ಹೆಚ್ಚಾಗಿ ಇದನ್ನು ದಾಟಿ ಹೋಗುತ್ತಾರೆ.

ಬರ್ಗೆನ್ ನಗರದ 42 ಶಾಲೆಗಳಲ್ಲಿ 4ರಿಂದ 7ನೇ ತರಗತಿಯ ಸುಮಾರು 2,500 ಮಕ್ಕಳನ್ನು ಓಲ್ವೇಯುಸ್ ಎರಡೂವರೆ ವರ್ಷ ಹಿಂಬಾಲಿಸಿದರು. ಕಾಟದ ಪ್ರಮಾಣ ಸರಿಸುಮಾರು ಅರ್ಧಕ್ಕೆ ಇಳಿಯಿತು. ಕಳ್ಳತನ, ಶಾಲೆಯ ವಸ್ತುಗಳನ್ನು ಒಡೆಯುವುದು, ಚಕ್ಕರ್ ಹೊಡೆಯುವುದು ಕೂಡ ಕಡಿಮೆಯಾದವು. ಈ ಫಲಿತಾಂಶದಿಂದಲೇ ಅವರ ಕಾರ್ಯಕ್ರಮ ಜಗತ್ಪ್ರಸಿದ್ಧವಾಯಿತು, ಅಮೆರಿಕಕ್ಕೂ ಹೋಯಿತು.

ಬರ್ಗೆನ್‌ನಿಂದ ದಕ್ಷಿಣಕ್ಕೆ ಅದೇ ಪಶ್ಚಿಮ ಕರಾವಳಿಯಲ್ಲಿ ರೋಗಲಾಂಡ್ ಎಂಬ ಪ್ರಾಂತ್ಯವಿದೆ. ಅಲ್ಲಿಯ ಶಾಲೆಗಳಿಗೂ ಅದೇ 1983ರಲ್ಲಿ ಅದೇ ಪುಸ್ತಿಕೆ, ಅದೇ ಕ್ಯಾಸೆಟ್ ಹೋಗಿದ್ದವು. ಎರ್ಲಿಂಗ್ ರೋಲಾಂಡ್ ಎಂಬ ಸಂಶೋಧಕರು 1986ರಲ್ಲಿ ಅಲ್ಲಿಯ 37 ಶಾಲೆಗಳಿಗೆ ಹೋಗಿ ಮತ್ತೆ ಅಳೆದರು. ಕಾಟ ಕಡಿಮೆಯಾಗಿರಲಿಲ್ಲ. ಹುಡುಗರಲ್ಲಂತೂ ಸ್ವಲ್ಪ ಹೆಚ್ಚೇ ಆಗಿತ್ತು.

ಒಂದೇ ಪೆಟ್ಟಿಗೆ, ಒಂದೇ ಭಾಷೆ, ಒಂದೇ ವರ್ಷ. ಎಲ್ಲಿ ವ್ಯತ್ಯಾಸವಾಯಿತು? ಬರ್ಗೆನ್ನಿನ ಶಾಲೆಗಳ ಜೊತೆ ಸಂಶೋಧಕರ ತಂಡ ಸಂಪರ್ಕ ಇಟ್ಟುಕೊಂಡಿತ್ತು. ಮಕ್ಕಳ ಉತ್ತರಗಳನ್ನು ಕ್ರೋಡೀಕರಿಸಿ ಆಯಾ ಶಾಲೆಗೆ ತೋರಿಸಿತ್ತು. ಅಭಿಯಾನ ಶುರುವಾಗಿ ಸುಮಾರು 15 ತಿಂಗಳ ಮೇಲೆ ಮತ್ತೆ ಶಿಕ್ಷಕರ ಜೊತೆ ಕೂತಿತ್ತು. ರೋಗಲಾಂಡಿನಲ್ಲಿ ಪೆಟ್ಟಿಗೆ ಬಂದ ಮೇಲೆ ಮೂರು ವರ್ಷ ಸಂಶೋಧಕರು ಯಾರೂ ಶಾಲೆಗಳ ಸಂಪರ್ಕದಲ್ಲಿರಲಿಲ್ಲ. ಅಲ್ಲಿಯೂ ಕೆಲವು ಶಾಲೆಗಳು ತಾವಾಗಿಯೇ ಉತ್ಸಾಹದಿಂದ ಕೆಲಸ ಮಾಡಿದ್ದವು, ಅಂಥವುಗಳ ಸ್ಥಿತಿ ಉಳಿದವುಗಳಿಗಿಂತ ಉತ್ತಮವಾಗಿತ್ತು.

ನನ್ನ ಕಸುಬು ಸಾಫ್ಟ್‌ವೇರ್ ಪ್ರಾಜೆಕ್ಟುಗಳನ್ನು ನಡೆಸುವುದು. ಈ ಎರಡು ಊರುಗಳ ಕಥೆ ನಮ್ಮ ಕಸುಬಿನ ಯಾರಿಗೂ ಹೊಸದಲ್ಲ. 'ಗೋ-ಲೈವ್' ದಿನ ಕೇಕ್ ಕತ್ತರಿಸುತ್ತೇವೆ, ಫೋಟೋ ಹೋಗುತ್ತದೆ, ಮೇಲಿನವರಿಂದ ಮೆಚ್ಚುಗೆಯ ಮೇಲ್ ಬರುತ್ತದೆ. ಆ ವ್ಯವಸ್ಥೆ ಉಳಿಯುತ್ತದೋ ಇಲ್ಲವೋ ಎಂಬುದು ತೀರ್ಮಾನವಾಗುವುದು ನಂತರದ ತಿಂಗಳುಗಳಲ್ಲಿ. ಬಳಸುವವರು ಸಿಕ್ಕಿಬಿದ್ದಾಗ ಫೋನ್ ಎತ್ತುವವರು ಯಾರು, ಮೂರನೇ ತಿಂಗಳಲ್ಲಿ ಮತ್ತೆ ಬಂದು ಕೂರುವವರು ಯಾರು ಎಂಬುದರ ಮೇಲೆ. ಇವರಿಲ್ಲದೆ ಕೊಟ್ಟ ಕೈಪಿಡಿ ಬೀರುವಿನಲ್ಲಿ ಕೂರುತ್ತದೆ. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ನಮ್ಮಲ್ಲಿ ಕೆಟ್ಟರೆ ಗ್ರಾಹಕರು ಟಿಕೆಟ್ ಎತ್ತುತ್ತಾರೆ. ಹನ್ನೆರಡು ವರ್ಷದ ಹುಡುಗ ಟಿಕೆಟ್ ಎತ್ತುವುದಿಲ್ಲ. ಹೊಟ್ಟೆನೋವು ಎನ್ನುತ್ತಾನೆ, ಶಾಲೆಗೆ ಹೋಗಲ್ಲ ಎನ್ನುತ್ತಾನೆ.

ರೋಗಲಾಂಡಿನಲ್ಲಿ ನೋಡುತ್ತ ನಿಂತವರು ಮಕ್ಕಳಲ್ಲ. ಪೆಟ್ಟಿಗೆ ಕಳಿಸಿ ಕೈತೊಳೆದುಕೊಂಡ ದೊಡ್ಡವರು.

ಬಿಡಿಸಲು ಹೋದ ಹುಡುಗ

ಅದೇ ದಶಕದ ಕೊನೆಯಲ್ಲಿ, ಅಟ್ಲಾಂಟಿಕ್ಕಿನ ಆಚೆ, ಇನ್ನೊಂದು ಬಗೆಯ ಪ್ರಯತ್ನ ಶುರುವಾಯಿತು. ಇದನ್ನು ಶುರುಮಾಡಿದವರು ಸಚಿವಾಲಯವೂ ಅಲ್ಲ, ವಿಶ್ವವಿದ್ಯಾಲಯವೂ ಅಲ್ಲ. 1989ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ಶಾರ್ಲೆಟ್ ನಗರದಲ್ಲಿ ಅಲೆಕ್ಸ್ ಆರೆಂಜ್ ಎಂಬ ಹೈಸ್ಕೂಲು ವಿದ್ಯಾರ್ಥಿ ಪಾರ್ಟಿಯೊಂದರಲ್ಲಿ ನಡೆಯುತ್ತಿದ್ದ ಜಗಳ ಬಿಡಿಸಲು ಹೋಗಿ ಗುಂಡಿಗೆ ಬಲಿಯಾದ. ಅವನು ಓದುತ್ತಿದ್ದದ್ದು ವೆಸ್ಟ್ ಶಾರ್ಲೆಟ್ ಹೈಸ್ಕೂಲಿನಲ್ಲಿ. ಅವನ ಸಹಪಾಠಿಗಳು ಸೇರಿ 'ಎಲ್ಲೆಡೆಯ ಹಿಂಸೆಯ ವಿರುದ್ಧ ವಿದ್ಯಾರ್ಥಿಗಳು' ಎಂಬ ಅರ್ಥದ ಒಂದು ಕ್ಲಬ್ ಕಟ್ಟಿದರು. ಇಂಗ್ಲಿಷಿನ ಮೊದಲ ಅಕ್ಷರಗಳನ್ನು ಕೂಡಿಸಿದರೆ 'ಸೇವ್'. ಅದರ ಬಣ್ಣಗಳಲ್ಲಿ ಒಂದು ಕಿತ್ತಳೆ, ಗೆಳೆಯನ ಹೆಸರಿನ ನೆನಪಿಗೆ.

ಆ ಕ್ಲಬ್ ಶಾಲೆಯಿಂದ ಶಾಲೆಗೆ ಹಬ್ಬಿತು. 2012ರ ಡಿಸೆಂಬರ್ 14ರಂದು ಕನೆಕ್ಟಿಕಟ್ ರಾಜ್ಯದ ಸ್ಯಾಂಡಿ ಹುಕ್ ಪ್ರಾಥಮಿಕ ಶಾಲೆಯಲ್ಲಿ ಬಂದೂಕುಧಾರಿಯೊಬ್ಬ 20 ಮಕ್ಕಳನ್ನೂ 6 ಮಂದಿ ದೊಡ್ಡವರನ್ನೂ ಕೊಂದ. ಮಕ್ಕಳನ್ನು ಕಳೆದುಕೊಂಡ ಕೆಲವು ಹೆತ್ತವರು 'ಸ್ಯಾಂಡಿ ಹುಕ್ ಪ್ರಾಮಿಸ್' ಎಂಬ ಸಂಸ್ಥೆ ಕಟ್ಟಿದರು. 2017ರಲ್ಲಿ ಸೇವ್ ಕ್ಲಬ್ಬುಗಳು ಅದರ ಜೊತೆ ಸೇರಿಕೊಂಡವು. ಈ ಸಂಸ್ಥೆ ಶಾಲೆಗಳಲ್ಲಿ ಕಲಿಸುವ ಪಾಠಗಳಲ್ಲಿ ಒಂದು ತೀರಾ ಸಣ್ಣದು: ಊಟದ ಹೊತ್ತಿನಲ್ಲಿ ಒಬ್ಬರೇ ಕೂತವರ ಹತ್ತಿರ ಹೋಗಿ ಮಾತಾಡಿಸುವುದು. ಇನ್ನೊಂದು, ಗೆಳೆಯನ ಮಾತಿನಲ್ಲೋ ಪೋಸ್ಟಿನಲ್ಲೋ ಅಪಾಯದ ಸೂಚನೆ ಕಂಡರೆ ನಂಬಿಕೆಯ ದೊಡ್ಡವರೊಬ್ಬರಿಗೆ ತಿಳಿಸುವುದು.

ಅಲೆಕ್ಸನ ಕಥೆ ನಮ್ಮ ಪ್ರಶ್ನೆಯನ್ನು ಕಷ್ಟಕ್ಕೆ ಸಿಕ್ಕಿಸುತ್ತದೆ. ನೋಡುತ್ತ ನಿಲ್ಲಬೇಡ, ಹೋಗು ಎಂದು ಮಕ್ಕಳಿಗೆ ಹೇಳಿಬಿಡುವುದು ಸುಲಭ. ಅವನು ನೋಡುತ್ತ ನಿಲ್ಲಲಿಲ್ಲ, ಹೋದ, ಸತ್ತ. ಹಾಗಾಗಿ ಒಳ್ಳೆಯ ಕಾರ್ಯಕ್ರಮಗಳು ಮಕ್ಕಳಿಂದ ವೀರಾವೇಶ ಕೇಳುವುದಿಲ್ಲ. ಜಗಳದ ನಡುವೆ ಕೈಹಾಕುವುದಕ್ಕೂ ಸುಮ್ಮನೆ ನಿಲ್ಲುವುದಕ್ಕೂ ನಡುವೆ ಇರುವ ಹತ್ತು ಸಣ್ಣ ಕೆಲಸಗಳನ್ನು ಕಲಿಸುತ್ತವೆ. ನಗದಿರುವುದು. ಫೋನಿನಲ್ಲಿ ವಿಡಿಯೋ ಮಾಡದಿರುವುದು, ಬಂದದ್ದನ್ನು ಮುಂದಕ್ಕೆ ಕಳಿಸದಿರುವುದು. ಪೆಟ್ಟು ತಿಂದವನ ಪಕ್ಕದಲ್ಲಿ ಮರುದಿನ ಹೋಗಿ ಕೂರುವುದು. ದೊಡ್ಡವರನ್ನು ಕರೆಯುವುದು. ಕರೆದರೆ ದೊಡ್ಡವರು ಬರುತ್ತಾರೆ ಎಂಬ ನಂಬಿಕೆಯಿದ್ದರೆ ಮಾತ್ರ ಈ ಕೊನೆಯದು ನಡೆಯುತ್ತದೆ.

ಹತ್ತು ಸೆಕೆಂಡು

ನೋಡುತ್ತ ನಿಂತವರಿಗೆ ಎಷ್ಟು ಶಕ್ತಿಯಿದೆ ಎಂಬುದನ್ನು ಕೆನಡಾದ ಸಂಶೋಧಕರು ಕ್ಯಾಮೆರಾ ಮತ್ತು ಮೈಕ್ ಇಟ್ಟು ಅಳೆದರು. ಟೊರಾಂಟೊದ ಶಾಲಾ ಮೈದಾನಗಳ ಚಿತ್ರಣಗಳನ್ನು ವಿಶ್ಲೇಷಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಾಟದ ಪ್ರಸಂಗಗಳಲ್ಲಿ ಶೇಕಡಾ 88ರಲ್ಲಿ ಬೇರೆ ಮಕ್ಕಳು ಅಲ್ಲೇ ಇದ್ದರು. ಮಧ್ಯೆ ಪ್ರವೇಶಿಸಿದ್ದು ಶೇಕಡಾ 19ರಲ್ಲಿ ಮಾತ್ರ. ಆದರೆ ಹಾಗೆ ಪ್ರವೇಶಿಸಿದಾಗ ಅರ್ಧಕ್ಕಿಂತ ಹೆಚ್ಚು ಸಲ ಕಾಟ ಹತ್ತು ಸೆಕೆಂಡಿನೊಳಗೆ ನಿಂತುಹೋಯಿತು. ನಮ್ಮ ಸಿನಿಮಾಗಳು ಒಬ್ಬ ಹೀರೋ ನೂರು ಜನರನ್ನು ಹೊಡೆದು ಊರು ಸರಿಮಾಡುವುದನ್ನು ತೋರಿಸುತ್ತವೆ. ಈ ಅಂಕಿಗಳು ಹೇಳುವುದು ಬೇರೆ: 'ಸಾಕು ಬಿಡೋ' ಎಂಬ ಒಂದು ಮಾತಿಗೆ ಬಹಳ ಸಲ ಅಷ್ಟೇ ಬಲವಿದೆ.

ಅದಕ್ಕೂ ಮೊದಲೇ, 1996ರಲ್ಲಿ, ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾಲಯದ ಕ್ರಿಸ್ಟಿನಾ ಸಾಲ್ಮಿವಲ್ಲಿ ಮತ್ತು ಅವರ ಸಹೋದ್ಯೋಗಿಗಳು 12-13 ವಯಸ್ಸಿನ 573 ಮಕ್ಕಳನ್ನು ಅಧ್ಯಯನ ಮಾಡಿ ಒಂದು ನಕ್ಷೆ ಬರೆದಿದ್ದರು. ಕಾಟ ಕೊಡುವವನು, ಅನುಭವಿಸುವವನು ಇಬ್ಬರೇ ಅಲ್ಲ. ಕೈ ಹಿಡಿದುಕೊಳ್ಳುವ ಸಹಾಯಕರಿದ್ದಾರೆ. ನಕ್ಕು ಹುರಿದುಂಬಿಸುವವರಿದ್ದಾರೆ. ಬಲಿಪಶುವಿನ ಪರ ನಿಲ್ಲುವವರಿದ್ದಾರೆ. ತಮಗೇಕೆ ಎಂದು ದೂರ ಸರಿಯುವವರಿದ್ದಾರೆ. ಮಕ್ಕಳಲ್ಲಿ ಶೇಕಡಾ 87ರಷ್ಟನ್ನು ಈ ಯಾವುದಾದರೂ ಒಂದು ಪಾತ್ರದಲ್ಲಿ ಗುರುತಿಸಲು ಸಾಧ್ಯವಾಯಿತು. ಹೈನೆಮನ್ನರ ಗುಂಪು, ಓಲ್ವೇಯುಸ್ಸರ ಒಬ್ಬಿಬ್ಬರು, ಎರಡೂ ಈ ನಕ್ಷೆಯಲ್ಲಿ ಕೂಡಿಕೊಂಡವು. ಕಾಟ ಕೊಡುವವರು ಒಬ್ಬಿಬ್ಬರೇ ಹೌದು. ಅವರಿಗೆ ಬೇಕಾದ ರಂಗಮಂಚ ಮತ್ತು ಚಪ್ಪಾಳೆ ಕೊಡುವುದು ಮಾತ್ರ ಇಡೀ ತರಗತಿ.

ಈ ನಕ್ಷೆಯ ಮೇಲೆ ಕಟ್ಟಿದ ಕಾರ್ಯಕ್ರಮ 'ಕಿವಾ'. ಫಿನ್ನಿಷ್ ಭಾಷೆಯಲ್ಲಿ 'ಕಿವಾ' ಎಂದರೆ ಚೆನ್ನಾಗಿರುವುದು, ಹಿತವಾದದ್ದು. 'ಕಾಟದ ವಿರುದ್ಧ' ಎಂಬ ಅರ್ಥದ ಎರಡು ಪದಗಳ ಮೊದಲ ಅಕ್ಷರಗಳೂ ಅವೇ. 2006ರಲ್ಲಿ ಶಿಕ್ಷಣ ಸಚಿವಾಲಯದ ಹಣದಿಂದ ಇದು ಶುರುವಾಯಿತು. 2007ರಿಂದ 2009ರವರೆಗೆ 234 ಶಾಲೆಗಳ 30,000ಕ್ಕೂ ಹೆಚ್ಚು ಮಕ್ಕಳ ಮೇಲೆ ಪರೀಕ್ಷೆ ನಡೆಯಿತು, ಅರ್ಧ ಶಾಲೆಗಳಲ್ಲಿ ಕಾರ್ಯಕ್ರಮ, ಇನ್ನರ್ಧದಲ್ಲಿ ಎಂದಿನಂತೆ. ಅದೇ ಅವಧಿಯಲ್ಲಿ, 2007ರ ನವೆಂಬರ್ 7ರಂದು ಯೋಕೆಲಾ ಎಂಬ ಊರಿನ ಶಾಲೆಯಲ್ಲಿ ವಿದ್ಯಾರ್ಥಿಯೊಬ್ಬ ಎಂಟು ಜನರನ್ನು ಗುಂಡಿಕ್ಕಿ ಕೊಂದ. 2008ರ ಸೆಪ್ಟೆಂಬರಿನಲ್ಲಿ ಕೌಹಯೋಕಿಯಲ್ಲಿ ಇನ್ನೊಬ್ಬ ಹತ್ತು ಜನರನ್ನು ಕೊಂದ. ಜಗತ್ತೇ ಹೊಗಳುತ್ತಿದ್ದ ಶಾಲಾ ವ್ಯವಸ್ಥೆಯ ದೇಶ ಅದು. ಮಕ್ಕಳ ಅಂಕ ಚೆನ್ನಾಗಿದ್ದರೆ ಮಕ್ಕಳೂ ಚೆನ್ನಾಗಿದ್ದಾರೆ ಎಂಬ ನಂಬಿಕೆ ಅಲ್ಲಿ ಅಲುಗಾಡಿತು.

ಕಿವಾದ ಪಾಠಗಳಲ್ಲಿ ಬಲಿಪಶುವಿನ ಜಾಗದಲ್ಲಿ ನಿಂತು ಯೋಚಿಸುವ ಅಭ್ಯಾಸಗಳಿವೆ, ಕಂಪ್ಯೂಟರ್ ಆಟವಿದೆ. ಬಿಡುವಿನಲ್ಲಿ ಮೇಲ್ವಿಚಾರಣೆ ಮಾಡುವ ಶಿಕ್ಷಕರಿಗೆ ದೂರದಿಂದಲೇ ಕಾಣುವ ಅಂಗಿಯಿದೆ. ಪ್ರತಿ ಶಾಲೆಯಲ್ಲಿ ಪ್ರಕರಣಗಳನ್ನು ನೋಡಿಕೊಳ್ಳುವ ದೊಡ್ಡವರ ಪುಟ್ಟ ತಂಡವಿದೆ. ನನಗೆ ಬಹಳ ಹಿಡಿಸಿದ ಉಪಾಯ ಒಂದಿದೆ. ಕಾಟ ಬೆಳಕಿಗೆ ಬಂದಾಗ ತರಗತಿ ಶಿಕ್ಷಕರು, ಎಲ್ಲರೂ ಮೆಚ್ಚುವ ಎರಡು-ನಾಲ್ಕು ಸಹಪಾಠಿಗಳನ್ನು ಕರೆದು, ಅವನ ಜೊತೆಗಿರಲು ನಿಮ್ಮಿಂದ ಏನು ಸಾಧ್ಯ ಎಂದು ಕೇಳುತ್ತಾರೆ. ಶಿಕ್ಷೆ ಹೇಗಿದ್ದರೂ ದೊಡ್ಡವರ ಕೆಲಸ. ಸ್ನೇಹವನ್ನು ಕೊಡಬಲ್ಲವರು ಮಕ್ಕಳು ಮಾತ್ರ.

ಪರೀಕ್ಷೆ ಗೆದ್ದಿತು. 2009ರ ನಂತರ ಫಿನ್ಲೆಂಡಿನ ಸುಮಾರು ಶೇಕಡಾ 90ರಷ್ಟು ಶಾಲೆಗಳು ಕಿವಾ ಅಳವಡಿಸಿಕೊಂಡವು. ದೇಶಕ್ಕೆಲ್ಲ ಹರಡಿದಾಗ ಪರಿಣಾಮ ಉಳಿಯಿತು, ಆದರೆ ಪರೀಕ್ಷೆಯಲ್ಲಿ ಕಂಡಷ್ಟಿರಲಿಲ್ಲ. ಪ್ರೈಮರಿ ಮಕ್ಕಳಲ್ಲಿ ಕಂಡ ಸ್ಪಷ್ಟ ಫಲ ಹೈಸ್ಕೂಲಿನ ವಯಸ್ಸಿಗೆ ಬಂದಾಗ ಮಸುಕಾಯಿತು. ಯಾರೂ ನಿರೀಕ್ಷಿಸದ ಇನ್ನೊಂದು ಸಂಗತಿಯೂ ಹೊರಬಂತು. ಕಾಟ ಕಡಿಮೆಯಾದ ತರಗತಿಗಳಲ್ಲಿ, ಇನ್ನೂ ಕಾಟ ಅನುಭವಿಸುತ್ತಲೇ ಇದ್ದ ಒಂದಿಬ್ಬರ ಸ್ಥಿತಿ ಇನ್ನಷ್ಟು ಹದಗೆಟ್ಟಿತ್ತು. ಎಲ್ಲರಿಗೂ ಕಷ್ಟವಿದ್ದಾಗ ಕಷ್ಟ ಹಂಚಿಹೋಗುತ್ತದೆ. ಎಲ್ಲರೂ ನೆಮ್ಮದಿಯಾಗಿರುವ ಕೋಣೆಯಲ್ಲಿ ಒಬ್ಬನೇ ಬಲಿಯಾದರೆ ಅವನು ತನ್ನಲ್ಲೇ ಏನೋ ಐಬಿದೆ ಎಂದುಕೊಳ್ಳುತ್ತಾನೆ. ವರದಿಯಲ್ಲಿ ಸರಾಸರಿ ಇಳಿದಿರುವುದನ್ನು ಕಂಡು ಸಂಭ್ರಮಿಸುವವರು ಈ ಒಬ್ಬನನ್ನು ನೆನಪಿಡಬೇಕು.

ಬಿಹಾರದ ಉತ್ತರ

ನಮ್ಮ ದೇಶ ಹಿಡಿದದ್ದು ಹೆಚ್ಚಾಗಿ ಕಾನೂನಿನ ದಾರಿ. ನಾರ್ವೆ ಅಭಿಯಾನ ಹೂಡಿದ ಅದೇ 1983ರ ಹೆಸರನ್ನು ಹೊತ್ತ, 1995ರಲ್ಲಿ ಜಾರಿಗೆ ಬಂದ ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲಿ ರ‍್ಯಾಗಿಂಗ್‌ನ ವ್ಯಾಖ್ಯೆಯೂ ಅದಕ್ಕೆ ಜೈಲು ಮತ್ತು ದಂಡದ ಶಿಕ್ಷೆಯೂ ಇದೆ. 1996ರಲ್ಲಿ ಚಿದಂಬರಂನಲ್ಲಿ ವೈದ್ಯಕೀಯ ವಿದ್ಯಾರ್ಥಿಯೊಬ್ಬನ ಕೊಲೆಯಾದ ಮೇಲೆ 1997ರಲ್ಲಿ ತಮಿಳುನಾಡು ಪ್ರತ್ಯೇಕ ಕಾನೂನು ತಂದಿತು. ಸುಪ್ರೀಂ ಕೋರ್ಟಿನ ಆದೇಶಗಳು, 2007ರ ರಾಘವನ್ ಸಮಿತಿ, 2009ರ ಯುಜಿಸಿ ನಿಯಮಗಳು ಒಂದರ ಹಿಂದೆ ಒಂದು ಬಂದವು. ಇವೆಲ್ಲ ಬೇಕಾದದ್ದೇ. ಆದರೆ ಇವುಗಳ ಕಣ್ಣು ಹೆಚ್ಚಾಗಿ ಕಾಲೇಜಿನ ಮೇಲೆ, ಅದೂ ಅಪರಾಧ ನಡೆದ ನಂತರದ ಗಳಿಗೆಯ ಮೇಲೆ. ಹೈಸ್ಕೂಲಿನ ತರಗತಿಯ ದಿನನಿತ್ಯದ ಹವೆ ಹೇಗಿದೆ ಎಂಬುದು ಕಾನೂನಿಗೆ ಕಾಣುವುದಿಲ್ಲ.

ಮುಂಬೈ ಓದುಗರಿಗೆ ಹತ್ತಿರದ ಒಂದು ಪ್ರಯತ್ನವಿದೆ. 2008ರಲ್ಲಿ ಐಸಿಆರ್‌ಡಬ್ಲ್ಯು ಎಂಬ ಸಂಶೋಧನಾ ಸಂಸ್ಥೆ, ಕೋರೊ ಮತ್ತು ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಜೊತೆ ಸೇರಿ, ನಗರದ 45 ಪಾಲಿಕೆ ಶಾಲೆಗಳ 6 ಮತ್ತು 7ನೇ ತರಗತಿಗಳಲ್ಲಿ 'ಜೆಮ್ಸ್' ಎಂಬ ಕಾರ್ಯಕ್ರಮ ನಡೆಸಿತು. ಗಂಡು-ಹೆಣ್ಣಿನ ಸಮಾನತೆ ಮತ್ತು ಹಿಂಸೆಯ ಬಗ್ಗೆ ಮಕ್ಕಳು ಮುಕ್ತವಾಗಿ ಮಾತಾಡುವ ತರಗತಿಗಳವು. ಮಕ್ಕಳ ಅಭಿಪ್ರಾಯಗಳು ಚೆನ್ನಾಗಿ ಬದಲಾದವು. ನಡತೆಯಲ್ಲಿ ಫಲ ಮಿಶ್ರವಾಗಿತ್ತು. ಅಭಿಪ್ರಾಯದಿಂದ ಕೈವರೆಗಿನ ದಾರಿ ಉದ್ದ.

ಜಗತ್ತಿನ ಈ ಚರ್ಚೆಗೆ ಭಾರತ ಕೊಟ್ಟ ದೊಡ್ಡ ಪುರಾವೆ ಬಂದದ್ದು ಬಿಹಾರದ ನಲಂದಾ ಜಿಲ್ಲೆಯಿಂದ. ಗೋವಾದಲ್ಲಿ ಹುಟ್ಟಿದ 'ಸಂಗಾತ್' ಸಂಸ್ಥೆ ಅಲ್ಲಿಯ ಸರ್ಕಾರಿ ಪ್ರೌಢಶಾಲೆಗಳಲ್ಲಿ 'ಸೆಹೆರ್' ಎಂಬ ಪ್ರಯೋಗ ನಡೆಸಿತು. ಸೆಹೆರ್ ಎಂದರೆ ಮುಂಜಾವು. 2015-16ರ ಶಾಲಾ ವರ್ಷದಲ್ಲಿ 9ನೇ ತರಗತಿಯ ಮಕ್ಕಳನ್ನು ಕೇಂದ್ರವಾಗಿಟ್ಟುಕೊಂಡು 74 ಶಾಲೆಗಳಲ್ಲಿ ಇದು ನಡೆಯಿತು. ಮಕ್ಕಳು ಹೆಸರಿಲ್ಲದೆ ದೂರು ಬರೆದು ಹಾಕುವ ಪೆಟ್ಟಿಗೆ, ಗೋಡೆ ಪತ್ರಿಕೆ, ಬೆಳಗಿನ ಪ್ರಾರ್ಥನೆಯ ಹೊತ್ತಿನ ಮಾತುಕತೆ, ವಿದ್ಯಾರ್ಥಿಗಳ ಗುಂಪು, ಶಾಲಾ ಸಮಿತಿ, ಬೇಕಾದವರಿಗೆ ಆಪ್ತಸಮಾಲೋಚನೆ, ಇವು ಅದರ ಭಾಗಗಳು. ಶಾಲೆಗಳನ್ನು ಚೀಟಿ ಎತ್ತಿದಂತೆ ಮೂರು ಪಾಲು ಮಾಡಿದರು. ಒಂದು ಪಾಲಿನಲ್ಲಿ ಈ ಕೆಲಸಕ್ಕೆಂದೇ ತರಬೇತಿ ಪಡೆದ ಹೊರಗಿನ ಒಬ್ಬರು, 'ಸೆಹೆರ್ ಮಿತ್ರ'. ಅವರು ಡಾಕ್ಟರೂ ಅಲ್ಲ, ಮನಶ್ಶಾಸ್ತ್ರಜ್ಞರೂ ಅಲ್ಲ. ಎರಡನೆಯದರಲ್ಲಿ ಅದೇ ಕೆಲಸವನ್ನು ಶಾಲೆಯ ಶಿಕ್ಷಕರೊಬ್ಬರಿಗೆ ವಹಿಸಿದರು. ಮೂರನೆಯದರಲ್ಲಿ ಸರ್ಕಾರದ ಎಂದಿನ ಜೀವನ ಕೌಶಲದ ಪಾಠಗಳು ಮಾತ್ರ.

'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶ ಇಷ್ಟು ಸ್ಪಷ್ಟವಾಗಿರುತ್ತದೆಂದು ಯಾರೂ ಎಣಿಸಿರಲಾರರು. ಮಿತ್ರರಿದ್ದ ಶಾಲೆಗಳಲ್ಲಿ ಶಾಲೆಯ ವಾತಾವರಣ ಗಣನೀಯವಾಗಿ ಸುಧಾರಿಸಿತ್ತು. ಕಾಟ, ಹಿಂಸೆ, ಖಿನ್ನತೆಯ ಲಕ್ಷಣಗಳು ಇಳಿದಿದ್ದವು. ಎರಡನೆಯ ವರ್ಷ ಮುಂದುವರಿಸಿದಾಗ ಫಲ ಇನ್ನೂ ಹೆಚ್ಚಾಯಿತು. ಅದೇ ಚಟುವಟಿಕೆಗಳನ್ನು ಶಿಕ್ಷಕರಿಗೆ ವಹಿಸಿದ ಶಾಲೆಗಳಲ್ಲಿ, ಏನೂ ಮಾಡದ ಶಾಲೆಗಳಿಗಿಂತ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ.

ಇದನ್ನು ಶಿಕ್ಷಕರ ಮೇಲಿನ ತೀರ್ಪೆಂದು ಓದುವುದು ಅನ್ಯಾಯ. ಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ, ಸಿಲೆಬಸ್ ಮುಗಿಸುವ ಅವಸರ ಎಲ್ಲವನ್ನೂ ಹೊತ್ತವರಿಗೆ ಇನ್ನೊಂದು ಮೂಟೆ ಹೊರಿಸಿದರೆ ಆಗುವುದು ಇದೇ. ಜೊತೆಗೆ, ಅಂಕ ಕೊಡುವವರ ಮುಂದೆ, ಬೆತ್ತ ಹಿಡಿದದ್ದನ್ನು ಕಂಡವರ ಮುಂದೆ, ಹದಿನಾಲ್ಕರ ಮಗು ಮನಸ್ಸು ಬಿಚ್ಚುವುದು ಕಷ್ಟ. ಬರ್ಗೆನ್ ಮತ್ತು ರೋಗಲಾಂಡ್ ಮೂವತ್ತು ವರ್ಷ ಹಿಂದೆ ಹೇಳಿದ್ದನ್ನು ನಲಂದಾ ಇನ್ನೂ ಖಚಿತವಾಗಿ ಹೇಳಿತು: ಕಾರ್ಯಕ್ರಮ ಎಂದರೆ ಪುಸ್ತಿಕೆಯಲ್ಲ, ಪೆಟ್ಟಿಗೆಯಲ್ಲ. ಇದೇ ತನ್ನ ಕೆಲಸ ಎಂದು ದಿನವೂ ಶಾಲೆಗೆ ಬರುವ ಒಬ್ಬ ಮನುಷ್ಯ.

ಓಲ್ವೇಯುಸ್ಸರ ಮೂರನೆಯ ಲಕ್ಷಣ, ಬಲದ ಅಂತರ, ನಮ್ಮಲ್ಲಿ ತೋಳಿನ ಬಲ ಮಾತ್ರ ಅಲ್ಲ. 2023ರ ಆಗಸ್ಟಿನಲ್ಲಿ ತಮಿಳುನಾಡಿನ ನಾಂಗುನೇರಿಯಲ್ಲಿ ದಲಿತ ವಿದ್ಯಾರ್ಥಿಯೊಬ್ಬನ ಮನೆಗೇ ನುಗ್ಗಿ, ಅವನದೇ ಶಾಲೆಯ ಹುಡುಗರು ಅವನನ್ನೂ ತಂಗಿಯನ್ನೂ ಮಚ್ಚಿನಿಂದ ಕಡಿದರು. ಅವನು ಶಾಲೆಯಲ್ಲಿ ಅನುಭವಿಸುತ್ತಿದ್ದ ಕಾಟದ ಬಗ್ಗೆ ದೂರು ಹೋಗಿತ್ತು, ದಾಳಿ ಅದರ ನಂತರ ನಡೆಯಿತು. ಸರ್ಕಾರ ನಿವೃತ್ತ ನ್ಯಾಯಮೂರ್ತಿ ಕೆ. ಚಂದ್ರು ಅವರ ಏಕಸದಸ್ಯ ಸಮಿತಿ ನೇಮಿಸಿತು, 2024ರ ಜೂನಿನಲ್ಲಿ ವರದಿ ಬಂತು. ಜಾತಿ ತೋರಿಸುವ ಬಣ್ಣದ ಕೈದಾರಗಳನ್ನು ನಿಷೇಧಿಸಬೇಕು ಎಂಬ ಸಲಹೆ ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂತು, ಗಲಾಟೆಯೂ ಆಯಿತು. ಅದೇ ವರದಿಯಲ್ಲಿ, 500ಕ್ಕೂ ಹೆಚ್ಚು ಮಕ್ಕಳಿರುವ ಪ್ರೌಢಶಾಲೆಗಳಿಗೆ ಒಬ್ಬ ಶಾಲಾ ಕ್ಷೇಮಪಾಲನಾ ಅಧಿಕಾರಿ ಬೇಕು ಎಂಬ ಸಲಹೆಯೂ ಇದೆ. ನಲಂದಾದ ಫಲಿತಾಂಶ ಓದಿದವರಿಗೆ ದಾರಕ್ಕಿಂತ ಈ ಅಧಿಕಾರಿಯೇ ಮುಖ್ಯ ಅನಿಸುತ್ತಾರೆ. ಸರ್ಕಾರಗಳಿಗೆ ದಾರ ಕತ್ತರಿಸುವ ಆದೇಶ ಹೊರಡಿಸುವುದು ಅಗ್ಗ. ಸಂಬಳದ ಹುದ್ದೆ ಸೃಷ್ಟಿಸುವುದು ದುಬಾರಿ.

ನಾವು ಬೇರೆ ಭಾಷೆಯ ಊರುಗಳಲ್ಲಿ ಮಕ್ಕಳನ್ನು ಬೆಳೆಸುತ್ತಿರುವವರು. ಉಚ್ಚಾರಣೆ, ಬಣ್ಣ, ಡಬ್ಬಿಯೊಳಗಿನ ಊಟ, ಮನೆಮಾತು ಇವೆಲ್ಲ ತರಗತಿಯಲ್ಲಿ ಬಲದ ಅಂತರವಾಗಬಲ್ಲವು ಎಂಬುದು ನಮಗೆ ಗೊತ್ತು. ನಮ್ಮ ಮಕ್ಕಳು ಎಲ್ಲ ಕಡೆಯೂ ಆ ಅಂತರದ ಕೆಳಗೇ ಇರುತ್ತಾರೆ ಎಂದೂ ತಿಳಿಯಬೇಕಿಲ್ಲ, ಜಾತಿ ಮತ್ತು ಫೀಸಿನ ಲೆಕ್ಕದಲ್ಲಿ ಹಲವರು ಮೇಲೆಯೇ ಇದ್ದಾರೆ. ಹೆಚ್ಚಿನವರು ಎರಡೂ ಅಲ್ಲದೆ, ನೋಡುತ್ತ ನಿಂತವರ ಸಾಲಿನಲ್ಲಿರುತ್ತಾರೆ. ಪೇರೆಂಟ್ಸ್ ಮೀಟಿಂಗಿನಲ್ಲಿ ಅಂಕಪಟ್ಟಿ ನೋಡಿ ಎದ್ದುಬರುವ ಮುನ್ನ ಕೇಳಬಹುದಾದ ಪ್ರಶ್ನೆಗಳನ್ನು ಈ ಚರಿತ್ರೆಯೇ ಕೊಟ್ಟಿದೆ. ಊಟದ ಬಿಡುವಿನಲ್ಲಿ ಮೈದಾನದಲ್ಲಿ, ಸ್ಕೂಲ್ ಬಸ್ಸಿನಲ್ಲಿ ದೊಡ್ಡವರು ಯಾರಿರುತ್ತಾರೆ? ಮಗು ಹೇಳಿಕೊಳ್ಳಬೇಕೆಂದರೆ, ಅಂಕ ಕೊಡದ ಒಬ್ಬರು ಶಾಲೆಯಲ್ಲಿದ್ದಾರೆಯೆ? ಹೆಸರಿಲ್ಲದ ಪ್ರಶ್ನಾವಳಿ ವರ್ಷಕ್ಕೊಮ್ಮೆ ನಡೆಯುತ್ತದೆಯೆ, ಅದರ ಫಲಿತಾಂಶ ಯಾರು ನೋಡುತ್ತಾರೆ? ಕಳೆದ ವರ್ಷ ದೂರು ಕೊಟ್ಟ ಮಗು ಈ ವರ್ಷ ಹೇಗಿದೆ ಎಂದು ಯಾರಾದರೂ ಹೋಗಿ ನೋಡಿದ್ದಾರೆಯೆ?

ಆಂಟಿ-ಬುಲ್ಲಿಯಿಂಗ್ ಪಾಲಿಸಿ ನಮ್ಮಲ್ಲಿದೆ, ವೆಬ್‌ಸೈಟಿನಲ್ಲಿ ಹಾಕಿದ್ದೇವೆ ಎಂಬ ಉತ್ತರ ಬಂದರೆ, 1983ರ ಆ 32 ಪುಟದ ಪುಸ್ತಿಕೆ ರೋಗಲಾಂಡಿನ ಶಾಲೆಗಳಲ್ಲೂ ಇತ್ತು.